ಎರಡು ತೂಕದ ಕಲ್ಲುಗಳು



ಕೊಳ್ಳುವುದಕ್ಕೆ ಒಂದು ಕಲ್ಲನ್ನೂ ಮಾರುವುದಕ್ಕೆ ಮತ್ತೊಂದು ಕಲ್ಲನ್ನೂ ಇಟ್ಟುಕೊಂಡಿರುವ ವರ್ತಕನನ್ನು ನಾವು ಮೋಸಗಾರನೆನ್ನುತ್ತೇವೆ. ಇಂಥ ತೂಕಗಳು ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳ 20ನೆಯ ಅಧ್ಯಾಯವು ತಿಳಿಸುತ್ತದೆ. ಹಾಗಾದರೆ ವ್ಯಭಿಚಾರವೆಂಬ ಪಾಪವನ್ನು ತೂಗುವಾಗ ನಮ್ಮಲ್ಲಿ ಎಷ್ಟು ಕಲ್ಲುಗಳಿವೆ? ಹೆಂಡತಿಯು ತಪ್ಪಿದರೆ ಮನೆತನದ ಮಾನ ಹೋಯಿತೆಂದು ಆಕೆಯನ್ನು ತವರಿಗೆ ಅಟ್ಟುತ್ತೇವೆ. ಗಂಡನು ತಪ್ಪಿದರೆ, ಗಂಡಸಲ್ಲವೇ, ಇಂದಲ್ಲ ನಾಳೆ ತಿದ್ದಿಕೊಂಡಾನು ಎಂದು ಸುಮ್ಮನಾಗುತ್ತೇವೆ. ಈ ನ್ಯಾಯವು ಸತ್ಯವೇದಕ್ಕೆ ಒಪ್ಪುವದೋ ಎಂದು ವಿಚಾರಿಸೋಣ.

ಯಾಜಕಕಾಂಡದ 20ನೆಯ ಅಧ್ಯಾಯದಲ್ಲಿ ವ್ಯಭಿಚಾರ ಮಾಡಿದ ಪುರುಷನಿಗೂ ಸ್ತ್ರೀಗೂ ಒಂದೇ ದಂಡನೆಯು ವಿಧಿಸಲ್ಪಟ್ಟಿದೆ. ಆದರೂ ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯದಲ್ಲಿ ಶಾಸ್ತ್ರಿಗಳು ಸ್ತ್ರೀಯೊಬ್ಬಳನ್ನೇ ಎಳೆದು ತಂದರು. ಪುರುಷನೆಲ್ಲಿ ಎಂದು ಯಾರೂ ಕೇಳಲಿಲ್ಲ. ಕರ್ತನು ಆಕೆಯನ್ನು ದಂಡನೆಗೆ ಒಪ್ಪಿಸಲಿಲ್ಲ. ಆಕೆಯ ಪಾಪವನ್ನು ಪಾಪವಲ್ಲವೆಂದೂ ಹೇಳಲಿಲ್ಲ.

ಹೆಂಡತಿಯನ್ನು ಬಿಡುವ ವಿಷಯದಲ್ಲಿಯೂ ಹಾಗೆಯೇ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ತ್ಯಾಗಪತ್ರವನ್ನು ಕುರಿತು ಹೇಳುತ್ತದೆ. ಅದನ್ನು ಹಿಡಿದುಕೊಂಡು ಯೆಹೂದ್ಯರಲ್ಲಿ ಶಮ್ಮಾಯಿಯ ಪಂಗಡದವರು ಹೆಂಡತಿಯ ದುರ್ನಡತೆಯ ಹೊರತು ಬಿಡಬಾರದೆಂದರು; ಹಿಲ್ಲೇಲನ ಪಂಗಡದವರು ಅಡಿಗೆ ಕೆಟ್ಟರೂ ಬಿಡಬಹುದೆಂದರು. ಕರ್ತನಾದರೋ ಈ ವಾದವನ್ನು ದಾಟಿ ಸೃಷ್ಟಿಯ ಮೊದಲಿಗೇ ಹೋದನು. ಮೋಶೆಯ ಅಪ್ಪಣೆಯು ಮನುಷ್ಯರ ಹೃದಯಕಾಠಿಣ್ಯದ ನಿಮಿತ್ತವಾಗಿ ಬಂದದ್ದೇ ಹೊರತು ದೇವರ ಮೂಲಸಂಕಲ್ಪವಲ್ಲವೆಂದು ತೋರಿಸಿದನು. ಅಂದಿನ ಜನರು ವ್ಯಭಿಚಾರವನ್ನು ಗಂಡನಿಗೆ ಮಾಡಿದ ದ್ರೋಹವೆಂದೇ ಎಣಿಸುತ್ತಿದ್ದರು. ಮಾರ್ಕನ 10ನೆಯ ಅಧ್ಯಾಯದಲ್ಲಿ ಕರ್ತನು, ಹೆಂಡತಿಯನ್ನು ಬಿಟ್ಟು ಮತ್ತೊಬ್ಬಳನ್ನು ಮದುವೆಯಾಗುವವನು ಆ ಹೆಂಡತಿಗೇ ದ್ರೋಹಿಯೆಂದು ಬೋಧಿಸಿದನು. ಆಕೆಗೂ ಹಕ್ಕುಂಟು, ಆಕೆಗೂ ಅನ್ಯಾಯವಾಗುತ್ತದೆ ಎಂಬದೇ ಇದರ ತಾತ್ಪರ್ಯ.

ಹಾಗಾದರೆ ಬಿಡುಗಡೆಯೇ ಇಲ್ಲವೋ? ಮತ್ತಾಯನ 19ನೆಯ ಅಧ್ಯಾಯವು ಹಾದರದ ಕಾರಣವನ್ನು ಪ್ರತ್ಯೇಕಿಸುತ್ತದೆ. ಅವಿಶ್ವಾಸಿಯು ತಾನಾಗಿ ಬಿಟ್ಟುಹೋದರೆ ವಿಶ್ವಾಸಿಯು ಬದ್ಧನಲ್ಲವೆಂದು ಪೌಲನು 1 ಕೊರಿಂಥದವರಿಗೆ 7ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಪುನರ್ವಿವಾಹದ ವಿಷಯದಲ್ಲಿ ಸಭೆಗಳೊಳಗೆ ಭಿನ್ನಾಭಿಪ್ರಾಯವುಂಟು. ಗಂಡ ಹೆಂಡಿರಲ್ಲಿ ಒಬ್ಬರು ಬದುಕಿರುವ ತನಕ ಮತ್ತೊಬ್ಬರಿಗೆ ಮದುವೆ ಸಲ್ಲದೆಂದು ಕೆಲವರು ಹೇಳುತ್ತಾರೆ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣವಾದರೋ ನಿರಪರಾಧಿಗೆ ಅಪ್ಪಣೆ ಕೊಡುತ್ತದೆ. ಆದರೆ ಅಪ್ಪಣೆಯು ಆಜ್ಞೆಯಲ್ಲ. ಹೋಶೇಯನು ತಪ್ಪಿಹೋದ ಹೆಂಡತಿಯನ್ನು ತಿರಿಗಿ ಸೇರಿಸಿಕೊಂಡನಷ್ಟೆ.

ಸರಕಾರದ ಕಾಯಿದೆಯಲ್ಲಿಯೂ ಬಹುಕಾಲ ಎರಡು ಕಲ್ಲುಗಳಿದ್ದವು. 1869ರ ವಿಚ್ಛೇದನ ಕಾಯಿದೆಯ ಪ್ರಕಾರ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿಯಾದರೋ ಸಾಮಾನ್ಯವಾಗಿ ಗಂಡನ ವ್ಯಭಿಚಾರದೊಂದಿಗೆ ಕ್ರೌರ್ಯವನ್ನೋ ಎರಡು ವರುಷ ತೊರೆದದ್ದನ್ನೋ ಅಂಥ ಬೇರೊಂದು ದೋಷವನ್ನೋ ರುಜುಪಡಿಸಬೇಕಾಗಿತ್ತು. 2001ರ ತಿದ್ದುಪಡಿಯಿಂದ ಈ ಭೇದವು ನೀಗಿತು. 2018ರಲ್ಲಿ ಸುಪ್ರೀಂ ಕೋರ್ಟು ವ್ಯಭಿಚಾರವನ್ನು ದಂಡಸಂಹಿತೆಯ ಅಪರಾಧವಲ್ಲವೆಂದು ತೀರ್ಪು ಕೊಟ್ಟಿತು. ಸೆರೆಮನೆಯ ಭಯವು ಹೋದರೂ ದೇವರ ಏಳನೆಯ ಆಜ್ಞೆಯು ಹೋಗಲಿಲ್ಲ.

ಆದಕಾರಣ ಹಿರಿಯರೇ, ಇಂಥ ವ್ಯಾಜ್ಯವು ನಿಮ್ಮ ಮುಂದೆ ಬಂದಾಗ ಇಬ್ಬರನ್ನೂ ಕರೆಯಿರಿ, ಇಬ್ಬರ ಮಾತನ್ನೂ ಕೇಳಿರಿ. ಪಶ್ಚಾತ್ತಾಪಪಟ್ಟವರನ್ನು, ಗಂಡಾಗಲಿ ಹೆಣ್ಣಾಗಲಿ, ಒಂದೇ ಬಾಗಿಲಿನಿಂದ ಒಳಗೆ ಸೇರಿಸಿರಿ. ಕ್ಷಮಿಸೆಂದು ಬೇಡಿಕೊಳ್ಳಬಹುದು, ಪೆಟ್ಟು ತಿಂದವಳನ್ನು ಅದೇ ಕೈಗೆ ಬಲವಂತವಾಗಿ ಒಪ್ಪಿಸುವದು ಕ್ಷಮೆಯಲ್ಲ. ಬಿಟ್ಟುಬಿಡಲ್ಪಟ್ಟವಳನ್ನು ಕೂಟದ ಹಿಂದಿನ ಸಾಲಿಗೆ ತಳ್ಳಬೇಡಿರಿ. ನಾವು ಅಳೆಯುವ ಅಳತೆಯಿಂದಲೇ ನಮಗೂ ಅಳೆಯಲ್ಪಡುವದೆಂಬ ಕರ್ತನ ಎಚ್ಚರಿಕೆಯು ತಕ್ಕಡಿಯನ್ನು ಹಿಡಿದಿರುವ ನಮಗೇ ಮೊದಲು ಸಲ್ಲುತ್ತದೆ.