ಅವುಡುಗಚ್ಚಿದ ಸಹನೆ

ಕಷ್ಟವನ್ನು ಬಾಯಿಬಿಡದೆ ತಾಳಿಕೊಂಡವನನ್ನು ಕುರಿತು 'ಅವುಡುಗಚ್ಚಿ ಸಹಿಸಿದ' ಎನ್ನುವುದು ನಮ್ಮ ನುಡಿಯ ವಾಡಿಕೆ. ಹಲ್ಲುಕಚ್ಚಿ ನಿಲ್ಲುವುದು ಧೀರರ ಲಕ್ಷಣವೆಂದೂ, ನೋವನ್ನು ಹೇಳಿಕೊಳ್ಳುವುದು ದುರ್ಬಲರ ಲಕ್ಷಣವೆಂದೂ ಎಳವೆಯಿಂದ ಕೇಳುತ್ತ ಬಂದಿದ್ದೇವೆ. ಈ ಹೊಗಳಿಕೆ ಎಷ್ಟರಮಟ್ಟಿಗೆ ಸಾಧುವಾದುದು? ಮೌನವೇ ಸಹನೆಯೆ? ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥಗಳ ಮುಂದಿಡುವುದಕ್ಕಿಂತ ಒಂದು ಬೇನೆಯ ಮುಂದಿಟ್ಟು ನೋಡುವುದು ಮೇಲೆಂದು ನಮಗೆ ತೋರುತ್ತದೆ. ಅದು ದವಡೆಯ ಕೀಲಿನ ಬೇನೆ. ಬಹುಕಾಲ ಅದರೊಡನೆ ಬಾಳಿದವರಾದುದರಿಂದ ಆ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನಮಗುಂಟು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಈ ಕೀಲಿನ ಚಲನೆ ತಿಳಿಯುತ್ತದೆ. ಅದು ಬಾಗಿಲಿನಂತೆ ತಿರುಗುವುದಲ್ಲದೆ ಮುಂದಕ್ಕೆ ಜಾರಲೂ ಬಲ್ಲದು. ಎರಡು ಎಲುಬುಗಳ ನಡುವೆ ನಾರಿನ ಬಿಲ್ಲೆಯೊಂದಿದೆ. ಉಣ್ಣುವಾಗ, ಆಡುವಾಗ, ಆಕಳಿಸುವಾಗ ದುಡಿಯುವ ಈ ಕೀಲಾಗಲಿ, ಅದನ್ನು ಎಳೆಯುವ ಸ್ನಾಯುಗಳಾಗಲಿ ಕೆಟ್ಟರೆ ಕೆನ್ನೆ, ಕಣತಲೆ, ಕಿವಿ, ಕತ್ತು ಎಲ್ಲವೂ ನೋಯುತ್ತವೆ. ತೆರೆದ ಬಾಯಿ ಕೆಲವೊಮ್ಮೆ ಅರ್ಧಕ್ಕೇ ಹಿಡಿದು ನಿಲ್ಲುತ್ತದೆ. ಆದರೆ ಬಾವಿಲ್ಲ, ಗಾಯವಿಲ್ಲ. ಕ್ಷಕಿರಣದ ಚಿತ್ರದಲ್ಲಿಯೂ ಹಲವುವೇಳೆ ಏನೂ ಕಾಣದು. ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಗಂಟಲುಗಳ ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲಿ ಈ ಲಕ್ಷಣಗಳನ್ನು ಒಂದುಗೂಡಿಸಿ ವಿವರಿಸಿ, ಹಿಂಬದಿಯ ಹಲ್ಲುಗಳು ಬಿದ್ದು ದವಡೆ ಮಿತಿಮೀರಿ ಮುಚ್ಚಿಕೊಳ್ಳುವುದೇ ಮೂಲವೆಂದನು. ಆ ಕಾರಣ ಮುಂದಿನ ಪರೀಕ್ಷೆಗೆ ನಿಲ್ಲಲಿಲ್ಲ. ಸ್ನಾಯುಗಳ ಬಿಗಿ, ಕೀಲಿನ ಕೆಡುಕು, ನಿದ್ದೆಗೇಡು, ಮನಸ್ಸಿನ ಒತ್ತಡ, ನರಗಳ ಅತಿಸೂಕ್ಷ್ಮತೆ ಇವುಗಳಲ್ಲಿ ಹಲವು ಕೂಡಿ ನೋವನ್ನುಂಟುಮಾಡುತ್ತವೆಂಬುದು ಇಂದಿನ ತಿಳಿವು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸಹನೆಯ ಹೊಗಳಿಕೆಯೂ ಅವರ ಪಾಲಿಗೇ ಹೆಚ್ಚಾಗಿ ಬಂದಿದೆಯೆಂಬುದನ್ನು ಮರೆಯಬಾರದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಸ್ವಸ್ಥವಾದ ದವಡೆ ವಿರಮಿಸಿರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಸೋಂಕುವುದಿಲ್ಲ. ತುಟಿ ಮುಚ್ಚಿದ್ದರೂ ಒಳಗೆ ಎರಡು ಮೂರು ಮಿಲಿಮೀಟರಿನಷ್ಟು ತೆರಪಿರುತ್ತದೆ. ಚಿಂತೆಯಲ್ಲಿ, ಸಿಟ್ಟಿನಲ್ಲಿ, ನಿದ್ದೆಯಲ್ಲಿ ಅರಿವಿಲ್ಲದೆ ಹಲ್ಲು ಕಚ್ಚಿದರೆ ಈ ನೋವು ಕೆರಳುತ್ತದೆ. ಆದುದರಿಂದ ವೈದ್ಯರ ಮೊದಲ ಉಪದೇಶವೇ ಬಿಗಿಯನ್ನು ಸಡಿಲಿಸಿರಿ, ಶಾಖ ಕೊಡಿರಿ, ಮೆತ್ತಗಿನದನ್ನು ಉಣ್ಣಿರಿ ಎಂಬುದು. ಅವುಡುಗಚ್ಚುವುದು ಇಲ್ಲಿ ಮದ್ದಲ್ಲ, ರೋಗಕ್ಕೆ ಮೇವು. ನುಡಿಗಟ್ಟು ಹೊಗಳಿದ ಗುಣವನ್ನು ದೇಹ ಒಪ್ಪುವುದಿಲ್ಲ.

ದೇಹಕ್ಕೆ ಸಲ್ಲುವ ಈ ಮಾತು ನಡತೆಗೂ ಸಲ್ಲುವುದೆ? ಸಲ್ಲುತ್ತದೆಂದೇ ನಮ್ಮ ನಂಬಿಕೆ. ನಮ್ಮ ಸೊಲ್ಲಾಪುರದ ಸೀಮೆಯಲ್ಲಿ ಊಟವೆಂದರೆ ಜೋಳದ ರೊಟ್ಟಿ. ಅದರಲ್ಲಿಯೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಂಟರ ಪಂಕ್ತಿಯಲ್ಲಿ ನಾವು ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಸುತ್ತ ಕುಳಿತರೆ 'ಯಾಕ್ರಿ, ಅಡಿಗಿ ಸೇರಲಿಲ್ಲೇನು?' ಎಂದು ಮನೆಯವರು ನೊಂದುಕೊಳ್ಳುತ್ತಾರೆ. ಕೊಟ್ಟ ಅಡಿಕೆಯನ್ನು ಕಿಸೆಗೆ ಹಾಕಿಕೊಂಡರೆ ಬಿಗುಮಾನವೆನಿಸುತ್ತದೆ. ಮಾತು ಕಡಮೆಯಾದರೆ ಸಿಡುಕೆನಿಸುತ್ತದೆ. ಹೇಳದೆ ಉಳಿದ ನೋವು ಸುಮ್ಮನಿರುವುದಿಲ್ಲ, ಬೇರೊಂದು ಹೆಸರಿನಿಂದ ಹೊರಬೀಳುತ್ತದೆ. ಹೇಳಹೊರಟವರಿಗಾದರೂ ಹಾದಿ ಸುಗಮವಲ್ಲ. ನೋಯುವ ಅಂಗವೇ ನುಡಿಯಬೇಕಾದ ಅಂಗ. ಮೇಲಾಗಿ ಈ ಸೀಮೆಯ ಕನ್ನಡಿಗರು ವೈದ್ಯರ ಮುಂದೆ ಬಹುಮಟ್ಟಿಗೆ ಮರಾಠಿಯಲ್ಲಿಯೇ ಹೇಳಿಕೊಳ್ಳಬೇಕು. ಸೆಳೆತ, ಸಿಡಿತ, ಕೊರೆತ, ಜುಮುಜುಮು ಎಂದು ಮನೆಯ ನುಡಿಯಲ್ಲಿ ಬೇರೆಬೇರೆಯಾಗಿದ್ದುದು ಕಲಿತ ನುಡಿಯಲ್ಲಿ ಬರಿಯ 'ನೋವು' ಆಗುತ್ತದೆ. ಕೊನೆಗೆ ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿಯಾಗಿ ಕಾಗದದ ಮೇಲೆ ಉಳಿಯುತ್ತದೆ.

ಎರಡು ಆಕ್ಷೇಪಗಳು ಬರಬಹುದು. ಎಲ್ಲರೂ ತಮ್ಮ ನೋವನ್ನು ಹೇಳುತ್ತ ಕುಳಿತರೆ ಮನೆ ಗೋಳಿನ ಮನೆಯಾಗದೆ? ಗುರುತಿಲ್ಲದ ನೋವನ್ನು ನಂಬುವುದೆಂತು? ಗೋಳು ಬೇರೆ, ಅರಿಕೆ ಬೇರೆ ಎಂಬುದು ಮೊದಲನೆಯದಕ್ಕೆ ನಮ್ಮ ಉತ್ತರ. ಗೋಳು ಕೇಳುವವರನ್ನು ಕಟ್ಟಿಹಾಕುತ್ತದೆ. ಅರಿಕೆ ಅವರಿಗೆ ದಾರಿ ತೋರುತ್ತದೆ. 'ಇಂದು ದವಡೆ ನೋಯುತ್ತಿದೆ, ನುಚ್ಚು-ಮಜ್ಜಿಗೆ ಸಾಕು' ಎನ್ನುವುದು ಗೋಳಲ್ಲ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಆದರೆ ಪರರ ನೋವಿಗೆ ಅವರ ಮಾತಿಗಿಂತ ಹತ್ತಿರದ ಸಾಕ್ಷಿ ಯಾವುದಿದೆ? ಇಲ್ಲದ ನೋವನ್ನು ನಂಬಿ ಮೋಸಹೋದರೆ ನಮಗಾಗುವ ನಷ್ಟ ಒಂದಿಷ್ಟು ಕನಿಕರ. ಇದ್ದ ನೋವನ್ನು ನಂಬದೆ ಹೋದರೆ ನೊಂದವರಿಗೆ ಅದು ಎರಡನೆಯ ನೋವು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು ತಾನು 1979ರಲ್ಲಿ ಪ್ರಕಟಿಸಿದ್ದ ನೋವಿನ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿದಾಗ, ನೋಯುತ್ತಿದೆಯೆಂದು ಹೇಳುವವರ ಮಾತನ್ನು ಗೌರವಿಸಬೇಕೆಂದೂ, ಹೇಳಲಾರದವರಿಗೆ ನೋವೇ ಇಲ್ಲವೆಂದು ತಿಳಿಯಲಾಗದೆಂದೂ ಅದರೊಡನೆ ಸೇರಿಸಿತು. ವಿಜ್ಞಾನ ಇಲ್ಲಿ ನ್ಯಾಯದ ಮಾತನ್ನೇ ಆಡಿದೆ.

ನಂಬುವುದೆಂದರೆ ಆತುರದ ಚಿಕಿತ್ಸೆಗೆ ಒಪ್ಪಿಸುವುದೆಂದು ಅರ್ಥವಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಅನೇಕರ ದವಡೆಯ ಬಿಲ್ಲೆಯನ್ನು ತೆಗೆದು, ಟೆಫ್ಲಾನ್ ಸೇರಿದ ಕೃತಕ ಬಿಲ್ಲೆಯನ್ನಿಟ್ಟರು. ಎಷ್ಟೋ ಜನರಲ್ಲಿ ಅದು ಚೂರಾಗಿ ಎಲುಬನ್ನೇ ಸವೆಯಿಸಿ, ಮೊದಲಿಗಿಂತ ಹೆಚ್ಚಿನ ಯಾತನೆಯನ್ನು ತಂದಿತು. ಮೊದಲು ಕಿವಿಗೊಡುವುದು, ಅನಂತರ ಕೈಹಾಕುವುದು ಕ್ರಮ.

ಹಾಗಾದರೆ ಸಹನೆಗೆ ಎಡೆಯೇ ಇಲ್ಲವೆ? ಉಂಟು. ಹೆಚ್ಚಿನವರಲ್ಲಿ ಈ ಬೇನೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ತಗ್ಗುತ್ತದೆ. ಕೆಲವರಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ. ನಿಂತ ನೋವಿನೊಡನೆ ಬಾಳುವವರು ದಿನಕ್ಕೆ ಹತ್ತಾರು ಬಾರಿ ನೆನಪು ಮಾಡಿಕೊಂಡು ಹಲ್ಲುಗಳನ್ನು ಬಿಡಿಸಿಕೊಳ್ಳಬೇಕು, ಆಕಳಿಕೆಗೆ ಗದ್ದದ ಕೆಳಗೆ ಕೈಯಾನಿಸಬೇಕು, ತುತ್ತನ್ನು ಕಿರಿದುಮಾಡಬೇಕು, ನಾಳೆಯೂ ಅದನ್ನೇ ಮಾಡಬೇಕು. ಇದನ್ನು ಕಂಡು ಯಾರೂ ಧೀರರೆನ್ನುವುದಿಲ್ಲ. ಆದರೂ ಸಹನೆಯೆಂಬ ಹೆಸರು ಸಲ್ಲಬೇಕಾದುದು ಇದಕ್ಕೇ. ದಿನವೂ ಬೇಸರಿಸದೆ, ಕಾರಣ ಕೇಳದೆ, ಒಂದು ಮೆತ್ತನೆಯ ರೊಟ್ಟಿಯನ್ನು ಬೇರೆಯಾಗಿ ಬೇಯಿಸಿ ಅವರ ತಾಟಿಗೆ ಬಡಿಸುವವರಿಗೂ ಅದರಲ್ಲಿ ಪಾಲಿದೆ.