ಸಂಕೋಚದ ಬೆಲೆ

ಹೇಳಿಕೊಳ್ಳಬಹುದಾದ ಕಾಯಿಲೆಗಳು, ಹೇಳಿಕೊಳ್ಳಬಾರದ ಕಾಯಿಲೆಗಳು ಎಂದು ನಾವು ರೋಗಗಳಲ್ಲಿಯೂ ಎರಡು ಜಾತಿ ಮಾಡಿಟ್ಟಿದ್ದೇವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂಡಿನೋವು ಮೊದಲ ಜಾತಿಯವು. ಮದುವೆಮನೆಯ ಪಂಕ್ತಿಯಲ್ಲಿಯೂ ಇವುಗಳ ವಿಚಾರ ಧಾರಾಳವಾಗಿ ನಡೆಯುತ್ತದೆ. ತನ್ನ ಸಕ್ಕರೆ ಎಷ್ಟೆಂದು ಹೇಳುವವನ ದನಿಯಲ್ಲಿ ಕೊಂಚ ಹೆಮ್ಮೆಯೂ ಇರುವುದುಂಟು. ಆದರೆ ಕೆಮ್ಮಿದಾಗ, ಸೀನಿದಾಗ, ನಕ್ಕಾಗ ಮೂತ್ರ ಜಿನುಗುತ್ತದೆಂದು ಯಾರೂ ಪಂಕ್ತಿಯಲ್ಲಿ ಹೇಳುವುದಿಲ್ಲ. ಹೇಳಬೇಕೆಂದು ನನ್ನ ವಾದವೂ ಅಲ್ಲ. ವೈದ್ಯರ ಕೋಣೆಯಲ್ಲಿಯೂ ಎಷ್ಟೋ ಜನ ಅದನ್ನು ಹೇಳುವುದಿಲ್ಲ ಎಂಬುದೇ ನನ್ನ ಚಿಂತೆಗೆ ಕಾರಣ.

ನಮ್ಮ ಬಂಧುಗಳಲ್ಲಿ ಒಬ್ಬ ಹಿರಿಯಾಕೆ ಇದ್ದಾರೆ. ನಾಲ್ಕು ಮಕ್ಕಳ ತಾಯಿ, ಹರಿಕಥೆಯೆಂದರೆ ಪ್ರಾಣ. ಐವತ್ತು ದಾಟಿದ ಮೇಲೆ ಒಂದೊಂದಾಗಿ ಎಲ್ಲವನ್ನೂ ಬಿಟ್ಟರು. ಮೊದಲು ಬಸ್ಸಿನ ಪ್ರಯಾಣ, ಆಮೇಲೆ ಹರಿಕಥೆ, ಕೊನೆಗೆ ನೆರೆಮನೆಯ ಅರಿಸಿನ ಕುಂಕುಮ. ಅವರಿಗೆ ವೈರಾಗ್ಯ ಬಂದಿದೆಯೆಂದು ಮನೆಯವರೆಲ್ಲ ಗೌರವದಿಂದ ಮಾತನಾಡಿಕೊಂಡೆವು. ಹನ್ನೆರಡು ವರ್ಷಗಳ ನಂತರ ಮಗಳೊಡನೆ ಬಾಯಿಬಿಟ್ಟಾಗ ತಿಳಿಯಿತು: ಅದು ವೈರಾಗ್ಯವಲ್ಲ, ಸೀರೆ ಒದ್ದೆಯಾದೀತೆಂಬ ಭಯ. ವೈದ್ಯೆಯೊಬ್ಬರು ಪರೀಕ್ಷಿಸಿ ಫಿಸಿಯೋಥೆರಪಿಗೆ ಕಳಿಸಿದರು. ನಾಲ್ಕು ತಿಂಗಳ ಅಭ್ಯಾಸದಿಂದ ಅವರು ಮತ್ತೆ ಬಸ್ಸು ಹತ್ತುವಂತಾದರು.

ಇಲ್ಲಿ ಕೆಟ್ಟದ್ದೇನು? ಹೊಟ್ಟೆಯ ತಳದಲ್ಲಿ, ಮುಂದಿನ ಗುಹ್ಯಾಸ್ಥಿಯಿಂದ ಬೆನ್ನೆಲುಬಿನ ತುದಿಯವರೆಗೆ, ಮಗುವಿನ ಜೋಲಿಯಂತೆ ಹರಡಿದ ಸ್ನಾಯುಗಳಿವೆ. ವೈದ್ಯರು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ನಾವು ಶ್ರೋಣಿತಳ ಎನ್ನಬಹುದು. ಮೂತ್ರಕೋಶ, ಗರ್ಭಕೋಶ, ಮಲಾಶಯಗಳಿಗೆ ಅದೇ ಆಧಾರ. ಬಸಿರು, ಹೆರಿಗೆ, ಬಿಡದ ಕೆಮ್ಮು, ಮಲಬದ್ಧತೆಯ ತಿಣುಕು, ಮೈಭಾರ, ವಯಸ್ಸು ಇವು ಆ ಜೋಲಿಯನ್ನು ಜಗ್ಗಿಸುತ್ತವೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರಿಗೂ ಇದೇ ಪಾಡು ಬರುವುದುಂಟು.

ಈ ಸ್ನಾಯುಗಳನ್ನು ತೋಳಿನ ಸ್ನಾಯುಗಳಂತೆಯೇ ಸಾಧನೆಯಿಂದ ಬಲಪಡಿಸಬಹುದೆಂದು ಅಮೆರಿಕದ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲಿ ಪ್ರಕಟಿಸಿದರು. ನಮ್ಮ ಹಠಯೋಗಿಗಳು ಮೂಲಬಂಧವೆಂದು ಹೇಳಿದ್ದೂ ಹೆಚ್ಚುಕಡಮೆ ಅದೇ ಭಾಗವನ್ನು ಬಿಗಿಯುವ ಕ್ರಮ. ಅವರ ಗುರಿ ಮಾತ್ರ ಬೇರೆ. ಮೂತ್ರವನ್ನೂ ವಾಯುವನ್ನೂ ತಡೆಯುವವರಂತೆ ಒಳಗಿನಿಂದ ಮೇಲಕ್ಕೆ ಸೆಳೆದು, ಕೆಲವು ಕ್ಷಣ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಬಿಡುವುದು. ಉಸಿರು ಕಟ್ಟಬಾರದು, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಒಂದು ಹೊತ್ತಿಗೆ ಎಂಟು ಸಲಕ್ಕೆ ಕಡಮೆಯಿಲ್ಲದೆ, ದಿನಕ್ಕೆ ಮೂರು ಹೊತ್ತು, ಕಡೆಯ ಪಕ್ಷ ಮೂರು ತಿಂಗಳು ಎಂಬುದು ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯ ಲೆಕ್ಕ. ಬರಿಯ ಮಾತಿನಿಂದ ಕಲಿತವರಲ್ಲಿ ಹಲವರು ತಪ್ಪು ಸ್ನಾಯುವನ್ನು ಬಿಗಿಯುತ್ತಾರೆ, ಕೆಲವರು ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ. ಕೆಲವರಲ್ಲಿ ಸ್ನಾಯು ಮೊದಲೇ ಅತಿಯಾಗಿ ಬಿಗಿದಿದ್ದು, ಅವರು ಕಲಿಯಬೇಕಾದದ್ದು ಸಡಿಲಿಸುವುದನ್ನು. ಆದ್ದರಿಂದಲೇ ತಿಳಿದವರ ಮುಂದೆ ಕುಳಿತು ಕಲಿಯಬೇಕು. ಕುಳಿತುಕೊಳ್ಳುವುದೇ ಕಷ್ಟ. ಸ್ನಾಯುವಿನ ಸಂಕೋಚವನ್ನು ಕಲಿಯಲು ಮೊದಲು ಮನಸ್ಸಿನ ಸಂಕೋಚವನ್ನು ಬಿಡಬೇಕಾಗಿದೆ!

ಲಜ್ಜೆ ನಮ್ಮ ಸಂಸ್ಕೃತಿಯ ಭೂಷಣವಲ್ಲವೆ ಎಂದು ಹಿರಿಯರು ಕೇಳಬಹುದು. ನಾನು ಲಜ್ಜೆಯ ವೈರಿಯಲ್ಲ. ಎಲ್ಲವನ್ನೂ ಎಲ್ಲರೆದುರು ಬಿಚ್ಚಿಡುವುದು ಪ್ರಾಮಾಣಿಕತೆಯೆಂದು ನಾನು ನಂಬಿಲ್ಲ. ಆದರೆ ಲಜ್ಜೆ ಇರುವುದು ನಾಲ್ಕು ಜನರ ನಡುವೆ ಮನುಷ್ಯ ಮಾನದಿಂದ ಬಾಳಲೆಂದು. ಆ ನಾಲ್ಕು ಜನರ ನಡುವಿನಿಂದಲೇ ಅದು ಅವನನ್ನು ಎಬ್ಬಿಸಿ ಮನೆಯ ಮೂಲೆಗೆ ಕಳಿಸುವುದಾದರೆ, ಯಾವುದಕ್ಕಾಗಿ ಹುಟ್ಟಿತೋ ಅದನ್ನೇ ಅದು ಕೆಡಿಸಿದಂತಾಯಿತು. ಯಾರೊಡನೆ ಹೇಳಬೇಕೆಂಬ ವಿವೇಕ ಲಜ್ಜೆಯ ಕೆಲಸ. ಹೇಳಲೇಬಾರದೆಂಬ ಕಟ್ಟಪ್ಪಣೆ ಅದರದಲ್ಲ.

ಇನ್ನೊಂದು ಆಕ್ಷೇಪವನ್ನು ನಾನೇ ಎತ್ತುತ್ತೇನೆ. ದೇಹವನ್ನು ಕಾಪಾಡಿಕೊಳ್ಳುವುದು ಕರ್ತವ್ಯವೆಂದು ಸಾರಿದರೆ, ಕಾಯಿಲೆಯಾದವರೆಲ್ಲ ಕರ್ತವ್ಯಭ್ರಷ್ಟರು ಎಂದಂತಾಗುವುದಿಲ್ಲವೆ? ಈ ಭಯ ನಿಜವಾದದ್ದು. ಅಭ್ಯಾಸದಿಂದ ಎಲ್ಲರೂ ಗುಣವಾಗುವುದಿಲ್ಲ. ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಮೇಲಾಗಿ, ನಾಲ್ಕು ಹೆತ್ತು, ಬಾಣಂತನ ಮುಗಿಯುವ ಮುನ್ನ ನೀರಿನ ಕೊಡ ಎತ್ತಿದವಳಿಗೆ ‘ನೀನು ವ್ಯಾಯಾಮ ಮಾಡಲಿಲ್ಲ’ ಎಂದು ಹೇಳುವ ಅಧಿಕಾರ ಯಾರಿಗಿದೆ? ಹೆರಿಗೆಯ ಫಲ ಇಡೀ ಕುಟುಂಬಕ್ಕೆ. ಅದರ ಸವೆತ ಮಾತ್ರ ಆಕೆಯೊಬ್ಬಳ ಗುಟ್ಟು ಎಂಬುದು ನ್ಯಾಯವಲ್ಲ. ಕರ್ತವ್ಯವೆನ್ನುವುದಾದರೆ ಅದು ಮೊದಲು ಸುತ್ತಲಿನವರದು: ಕೇಳುವುದು, ನಗದಿರುವುದು, ದಿನಕ್ಕೆ ಮೂರು ಹೊತ್ತಿನ ಬಿಡುವನ್ನು ಆಕೆಗೆ ಒದಗಿಸಿಕೊಡುವುದು.

ಉಳಿದದ್ದು ಆಕೆಯ ಪಾಲಿನ ಸಾಧನೆ. ಅದು ಯಾರ ಕಣ್ಣಿಗೂ ಬೀಳದು. ಗರಡಿಯಲ್ಲಿ ಸಾಮು ಮಾಡಿದವನ ತೋಳನ್ನು ಊರು ಹೊಗಳುತ್ತದೆ. ಅಕ್ಕಿ ಆರಿಸುತ್ತ ಕುಳಿತಲ್ಲೇ ಈ ಅಭ್ಯಾಸ ಮಾಡಿದವಳನ್ನು ಹೊಗಳುವವರಿಲ್ಲ. ಮೊದಲ ವಾರಗಳಲ್ಲಿ ಫಲವೂ ಕಾಣದು. ಆದರೂ ಬಿಡದೆ ನಡೆಸುವುದಕ್ಕೆ ತನ್ನ ಬಾಳಿಗೆ ಬೆಲೆಯಿದೆಯೆಂಬ ನಂಬಿಕೆ ಬೇಕು. ತನಗಾಗಿ ಏನನ್ನೂ ಬಯಸಬಾರದೆಂದು ನಾವು ಹೆಂಗಸರಿಗೆ ಬಹು ಕಾಲದಿಂದ ಕಲಿಸಿದ್ದೇವೆ. ಆ ನಂಬಿಕೆಯನ್ನು ಅವರಿಗೆ ಹಿಂದಿರುಗಿಸುವುದು ಫಿಸಿಯೋಥೆರಪಿಯವರೊಬ್ಬರಿಂದ ಆಗುವ ಕೆಲಸವಲ್ಲ.