ಹಾಲು ಬೆರೆಸದ ಒಂದು ಬಟ್ಟಲು

ತಾಯಿ ಅನ್ನಪೂರ್ಣೆ, ಹೊಟ್ಟೆ ತುಂಬಿಸುವವಳು ನೀನು, ನಾಲಿಗೆಯನ್ನು ತಿದ್ದುವವಳೂ ನೀನೇ. ಇಂದು ನಿನ್ನೆದುರು ಇಟ್ಟಿರುವುದು ಹಾಲು, ಸಕ್ಕರೆ ಯಾವುದೂ ಇಲ್ಲದ ಡಾರ್ಜಿಲಿಂಗ್ ಚಹಾ. ಸ್ವೀಕರಿಸು. ಇದರ ರುಚಿಯನ್ನು ಪೂರ್ತಿ ಅರಿಯುವ ವ್ಯವಧಾನವನ್ನು ಪ್ರಸಾದವಾಗಿ ಕೊಡು.

ಹಾಲು ಹಾಕಿ ಕುದಿಸಿದ ಚಹಾವನ್ನು ನಾನು ಹಳಿಯಲಾರೆ. ಶುಂಠಿ ಜಜ್ಜಿ ಹಾಕಿದ ಆ ಬಿಸಿ ಲೋಟವೇ ನಮ್ಮ ಮಳೆಗಾಲವನ್ನು ದಾಟಿಸುತ್ತದೆ. ಅದಕ್ಕೆ ತಕ್ಕದ್ದು ಸಿಟಿಸಿ ಪುಡಿ. ಹಲ್ಲಿನ ರೋಲರ್‌ಗಳ ನಡುವೆ ಎಲೆ ನುಗ್ಗಾಗಿ, ಹರಿದು, ಸಣ್ಣ ಕಾಳಾಗಿ ಹೊರಬರುತ್ತದೆ. ಬೇಗ ಬಣ್ಣ ಬಿಡುತ್ತದೆ. ಇಡೀ ಎಲೆಯ ದಾರಿ ಬೇರೆ. ಎರಡೆಲೆ ಒಂದು ಕುಡಿಯನ್ನು ಕೈಯಿಂದ ಚಿವುಟಿ, ಗಂಟೆಗಟ್ಟಲೆ ಗಾಳಿಯಲ್ಲಿ ಬಾಡಿಸಿ, ಯಂತ್ರದಲ್ಲಿ ಹೊಸೆದು, ಹರಡಿ ಬಿಡುತ್ತಾರೆ. ರಸಕ್ಕೆ ಗಾಳಿ ತಾಕಿ ಹಸಿರೆಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಯಾವ ಗಳಿಗೆಯಲ್ಲಿ ಬಿಸಿಗಾಳಿಗೆ ಒಡ್ಡಿ ಅದನ್ನು ತಡೆಯಬೇಕೆಂದು ಪಳಗಿದವರು ಮೂಗಿನಿಂದಲೇ ತಿಳಿಯುತ್ತಾರೆ. ಆ ಮೂಗುಗಳನ್ನು ಹರಸು, ತಾಯಿ.

ಹುಳವನ್ನೂ ಮರೆಯದ ಮನಸ್ಸು ಕೊಡು. ಡಾರ್ಜಿಲಿಂಗ್‌ನಲ್ಲಿ ಮಾರ್ಚ್–ಏಪ್ರಿಲ್‌ನ ಮೊದಲ ಚಿಗುರಿಗೆ ಹೂವಿನ ಕಂಪು, ತಿಳಿಹೊನ್ನಿನ ಬಣ್ಣ. ಮೇ–ಜೂನ್‌ನ ಎರಡನೆಯ ಚಿಗುರಿಗೆ ಹಸಿರು ಜಿಗಿಹುಳು ಬಂದು ರಸ ಹೀರುತ್ತದೆ. ಗಿಡ ತನ್ನನ್ನು ಕಾಪಾಡಿಕೊಳ್ಳಲು ಪರಿಮಳದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಕಳಿತ ದ್ರಾಕ್ಷಿಯಂಥ ಮಸ್ಕಟೆಲ್ ಕಂಪಿಗೆ ಅದೂ ಒಂದು ಕಾರಣ. ಹುಳ ಮುಟ್ಟಿದ್ದನ್ನು ಎಂಜಲೆಂದು ತಳ್ಳದೆ ನಿನ್ನ ಮುಂದೆ ಇಡುತ್ತಿದ್ದೇನೆ.

ನನ್ನ ಕೈಗೆ ಅಳತೆ ಕಲಿಸು. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ: ಇದು ಪರೀಕ್ಷಕರ ಅಂತರರಾಷ್ಟ್ರೀಯ ಕ್ರಮ. ಅಷ್ಟು ಹೊತ್ತು ಬಿಟ್ಟರೆ ಎಲೆಯ ದೋಷ ಅಡಗಿರಲಾರದು. ಮನೆಯಲ್ಲಿ ಡಾರ್ಜಿಲಿಂಗ್‌ಗೆ ಸುಮಾರು 3 ನಿಮಿಷ ಸಾಕು. ಮೊದಲು ಒಣ ಎಲೆಯನ್ನು, ಆಮೇಲೆ ನೆನೆದ ಎಲೆಯನ್ನು, ಕೊನೆಗೆ ಬಟ್ಟಲಿನಂಚಿನ ಹೊಳಪನ್ನು ನೋಡುವ ಕಣ್ಣು ಕೊಡು. ನಾಚದೆ ಸೊರ್ರೆಂದು ಹೀರುವ ಧೈರ್ಯ ಕೊಡು. ಗಾಳಿ ಬೆರೆತರೇ ಕಂಪು ಗಂಟಲ ಹಿಂದಿನಿಂದ ಮೂಗಿಗೆ ಏರುವುದು. ಒಗರನ್ನು ಕಹಿಯೆಂದು ತಿಳಿಯದ ನಾಲಿಗೆ ಕೊಡು. ಕಹಿ ಒಂದು ರುಚಿ. ಒಗರಾದರೋ ಬಾಯನ್ನೆಲ್ಲ ಬಿಗಿಯುತ್ತದೆ. ಒಳ್ಳೆಯ ಚಹಾದಲ್ಲಿ ಆ ಬಿಗಿ ಸಡಿಲಿ, ಗುಟುಕು ಸಿಹಿಯಾಗಿ ಮುಗಿಯುತ್ತದೆ. ಅಲ್ಲಿಯವರೆಗೆ ಕಾಯಿಸು.

ಕಾಯುವಾಗ ನೆನೆಯಬೇಕಾದವರನ್ನು ನೆನೆಸು. ಅಸ್ಸಾಂನಲ್ಲಿ ಇಂಗ್ಲಿಷರಿಗಿಂತ ಮೊದಲೇ ಈ ಎಲೆಯನ್ನು ಕುಡಿಯುತ್ತಿದ್ದವರು ಸಿಂಗ್ಫೋ ಜನ. 1823ರಲ್ಲಿ ಸ್ಕಾಟ್ಲೆಂಡಿನ ವ್ಯಾಪಾರಿ ರಾಬರ್ಟ್ ಬ್ರೂಸ್‌ ಗಿಡದ ಸುಳಿವು ಪಡೆದದ್ದು ಅವರಿಂದ. ಸ್ವಂತ ಚಹಾತೋಟ ಕಟ್ಟಿದ ಮಣಿರಾಮ ದಿವಾನರನ್ನು ಬ್ರಿಟಿಷರು ದಂಗೆಯ ಆರೋಪ ಹೊರಿಸಿ 1858ರಲ್ಲಿ ಗಲ್ಲಿಗೇರಿಸಿದರು. ಅವರಿಗೆಲ್ಲ ಈ ಬಟ್ಟಲಿನಲ್ಲಿ ಪಾಲಿದೆ. 1 ಕಿಲೋ ಚಹಾಕ್ಕೆ ಸುಮಾರು 4ರಿಂದ 5 ಕಿಲೋ ಹಸಿರೆಲೆ ಬೇಕು. ಅಷ್ಟನ್ನೂ ಇಳಿಜಾರಿನಲ್ಲಿ ನಿಂತು ಚಿವುಟುವವರು ಹೆಚ್ಚಾಗಿ ಹೆಂಗಸರು. ತಾಯಿ, ಅವರ ಬೆನ್ನಿನ ಬುಟ್ಟಿ ಹಗುರಾಗಲಿ, ಕೈಸೇರುವ ಕೂಲಿ ತೂಕದ್ದಾಗಲಿ. ಅವರ ಮಕ್ಕಳ ಮನೆಯಲ್ಲೂ ಈ ಒಳ್ಳೆಯ ಎಲೆ ಕುದಿನೀರು ಕಾಣಲಿ.

ಚಹಾ ಬರೀ ದೂರದ ಗುಡ್ಡಗಳದ್ದಲ್ಲ. ಬಡಗರ ನೀಲಗಿರಿಯಲ್ಲಿ ಅದು ಸಣ್ಣ ಹಿಡುವಳಿಗಳ ಬದುಕು. ನೀನು ನೆಲೆಸಿದ ಹೊರನಾಡಿನ ಚಿಕ್ಕಮಗಳೂರು ಜಿಲ್ಲೆಯಲ್ಲೇ ಕೆಳಗೂರಿನ ಚಹಾತೋಟವಿದೆ. ಇದನ್ನು ಓದುವ ಅಕ್ಕ, ಅಣ್ಣಂದಿರೇ, ಎಲೆ ಕೊಳ್ಳುವಾಗ ಅದು ಯಾವ ತೋಟದ್ದು, ಯಾವ ತಿಂಗಳ ಚಿಗುರು ಎಂದು ಕೇಳಿ. ಮೊದಲ ಬಟ್ಟಲನ್ನು ಹಾಲು ಬೆರೆಸದೆ ಕುಡಿಯಿರಿ. ಬೆಲೆ ಒಂದಿಷ್ಟು ಹೆಚ್ಚಾದರೂ, ಕೊಯ್ದವರಿಗೆ ನ್ಯಾಯವಾದ ಕೂಲಿ ಕೊಡುವ ತೋಟದ ಎಲೆಯನ್ನೇ ಮನೆಗೆ ತನ್ನಿ.